ಉಳಿಕೆ ಸೊನ್ನೆ

ಹಾಲು ಕಾಸಿ ಇಳಿಸಿ ಅರ್ಧ ಗಂಟೆಯಾಗಿತ್ತು. ನಾನಿನ್ನೂ ಕಟ್ಟೆಯ ಮುಂದೆ ನಿಂತು ಸೌಟು ಆಡಿಸುತ್ತಿದ್ದೆ. ತಳದಿಂದ ಮೇಲಕ್ಕೆ, ಅಂಚಿನಿಂದ ನಡುವಿಗೆ. ಹಾಲು ಪೂರ್ತಿ ತಣ್ಣಗಾಗುವವರೆಗೆ ಹೀಗೆ ತಿರುವುತ್ತಿದ್ದರೆ ಮೇಲೆ ಕೆನೆ ಕಟ್ಟುವುದಿಲ್ಲ.

“ಅತ್ತೀ, ಆ ಹಾಲಿಗೇನು ಜೋಗುಳ ಹಾಡಾಕತ್ತೀರೇನ್ರಿ?”

ಸೊಸೆ ಕಸ್ತೂರಿ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅಡುಗೆಮನೆಗೆ ಬಂದಿದ್ದಳು. ಅವಳು ಬಸ್ ಕಂಡಕ್ಟರ್. ಮನೆಯಲ್ಲೂ ಅವಳ ಮಾತು ಹಿಂದಿನ ಸೀಟಿಗೆ ಕೇಳಬೇಕು. “ಎಲ್ಲಾರ ಮನ್ಯಾಗ ಕೆನಿ ಬೇಕು, ಬೆಣ್ಣಿ ಬೇಕು ಅಂತಾರ. ನಮ್ಮ ಮನ್ಯಾಗ ನಾಕು ವರ್ಷಾತು, ತುಪ್ಪ ಅಂಗಡ್ಯಾಗಿಂದ ಬರ್ತೈತಿ.”

“ಕೆನಿ ಎದಿಗೆ ಒಳ್ಳೇದಲ್ಲಂತ ಡಾಕ್ಟರ್ ಹೇಳ್ಯಾರ.”

“ಯಾವ ಡಾಕ್ಟರ್ರೀ? ಆ ಸಿನಿಮಾ ಡಾಕ್ಟರಾ?”

ಅವಳು ನಗುತ್ತಾ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಹೆಸರು ಹೇಳಿದ್ದೇ ತಡ ಎಂಬಂತೆ ಫೋನು ಬಡಿಯಿತು. ಸಿನಿಮಾ ಡಾಕ್ಟರೇ.

“ಫಕೀರವ್ವ, ಹನ್ನೊಂದಕ್ಕ ಬರ್ರಿ. ಒಂದು ಸಿನಿಮಾ ಬಂದದ. ಸ್ವಲ್ಪ ವಿಚಿತ್ರ ಅದ, ನೀವs ಬೇಕು.”

ಮೃಣಾಲಿನಿ ಮೇಡಂ ವೈದ್ಯೆಯಲ್ಲ, ವಿಜ್ಞಾನಿ. ನಮ್ಮ ಹುಬ್ಬಳ್ಳಿಯ ಹೊರವಲಯದಲ್ಲಿ, ಮೊದಲು ಹತ್ತಿ ಗೋದಾಮಾಗಿದ್ದ ಕಟ್ಟಡದಲ್ಲಿ ಅವರ ಕೇಂದ್ರವಿದೆ. ಯಾವ ಸಿನಿಮಾವನ್ನು ಎಷ್ಟು ವಯಸ್ಸಿನವರು ನೋಡಬಹುದು ಎಂದು ಅಲ್ಲಿ ತೀರ್ಮಾನವಾಗುತ್ತದೆ. ಮೊದಲು ಈ ಕೆಲಸಕ್ಕೆ ನಾಲ್ಕಾರು ಮಂದಿ ಕೂತು ವಾದ ಮಾಡುತ್ತಿದ್ದರಂತೆ. ಒಬ್ಬರು ಮಕ್ಕಳು ಕೆಡುತ್ತಾರೆ ಅಂದರೆ ಇನ್ನೊಬ್ಬರು ಏನೂ ಆಗುವುದಿಲ್ಲ ಅನ್ನುವರು. ದನಿ ದೊಡ್ಡದಿದ್ದವರದೇ ತೀರ್ಪು. ಮೇಡಂ ಕೇಳಿಕೊಂಡ ಪ್ರಶ್ನೆ ಒಂದೇ: ನೋಡಿದ್ದು ನೋಡಿದವರ ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಅಳೆಯಲು ಬಂದರೆ?

ಅದಕ್ಕಾಗಿ ಅವರು ಉಳಿಕೆಮಾಪಕ ಕಟ್ಟಿದರು. ನೋಡಲು ದೊಡ್ಡದೇನಲ್ಲ. ಮಣಿಕಟ್ಟಿಗೊಂದು ಪಟ್ಟಿ, ಕಿವಿಯ ಹಿಂದೆ ನಾಣ್ಯದಷ್ಟಗಲದ ಬಿಲ್ಲೆ. ನಾಡಿ, ಉಸಿರು, ಅಂಗೈ ಬೆವರು, ರೆಪ್ಪೆಯ ಸುತ್ತಲಿನ ಸಣ್ಣ ಸ್ನಾಯುಗಳ ಅದುರು ಇವನ್ನೆಲ್ಲ ಅದು ಹಿಡಿಯುತ್ತದೆ. ಮೊದಲ ವರ್ಷ ನಮಗೆ ತುಣುಕು ಸಿನಿಮಾ ತೋರಿಸಿ, ಆಮೇಲೆ ಒಂದು ತಿಂಗಳು ನಮ್ಮ ನಿದ್ದೆಯನ್ನೂ ಅಳೆದರು. ನೋಡುವಾಗಿನ ಅದುರಿಗೂ ಆಮೇಲೆ ಉಳಿಯುವುದಕ್ಕೂ ಏನು ಲೆಕ್ಕ ಎಂದು ಯಂತ್ರ ಕಲಿತುಕೊಂಡಿತು. ಈಗ ಸಿನಿಮಾ ಮುಗಿಯುತ್ತಿದ್ದಂತೆ ಉತ್ತರ ಬರುತ್ತದೆ: ಇಷ್ಟು ದಿನ. ಮಕ್ಕಳನ್ನೇ ಕೂರಿಸಿ ಹೆದರಿಸಿ ಅಳೆಯುವುದು ಸರಿಯಲ್ಲವಲ್ಲ, ಹಾಗಾಗಿ ದೊಡ್ಡವರ ಮೈಯಿಂದ ಬಂದ ಅಂಕಿಯನ್ನು ಮಗುವಿನ ವಯಸ್ಸಿಗೆ ತಕ್ಕಂತೆ ಹಿಗ್ಗಿಸುತ್ತಾರೆ. ಐದು ದಿನದೊಳಗೆ ಅಳಿದುಹೋಗುವಂಥದ್ದು ಹನ್ನೆರಡು ದಾಟಿದವರಿಗೆ. ಹದಿನೈದರೊಳಗಿದ್ದರೆ ಹದಿನಾರು ದಾಟಿದವರಿಗೆ. ಅದಕ್ಕೂ ಮೇಲಿನದು ದೊಡ್ಡವರಿಗೆ ಮಾತ್ರ.

ಆ ದೊಡ್ಡವರ ಮೈ ಅಂದರೆ ನಾವು ಹನ್ನೊಂದು ಜನ. ಮೊದಲು ನಲವತ್ತು ಮಂದಿ ಬಂದಿದ್ದರು. ಕಿರುಚಿದವರು, ಎದ್ದು ಹೋದವರು, ನಾಡಿ ಕುದುರೆಯಂತೆ ಓಡಿದವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅಂಥ ಮೈಯಿಂದ ಬರುವ ಗೆರೆಯಲ್ಲಿ ಗದ್ದಲವೇ ಜಾಸ್ತಿ, ಲೆಕ್ಕ ಸಿಗುವುದಿಲ್ಲ ಎಂದು ಮೇಡಂ ಹೇಳಿದ್ದರು. ಉಳಿದವರಲ್ಲಿ ಇಬ್ಬರು ಅಗ್ನಿಶಾಮಕದವರು, ಒಬ್ಬ ಮಟನ್ ಅಂಗಡಿಯವನು, ಶವಾಗಾರದಲ್ಲಿ ಕೆಲಸ ಮಾಡಿದ್ದ ಇಮಾಮಸಾಬ ನದಾಫ. ನಾನು ಮೂವತ್ತೊಂದು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ಆಯಾ ಆಗಿದ್ದವಳು.

“ನಿಮ್ಮ ಮೈ ಎಷ್ಟು ಸ್ವಚ್ಛ ಅದರಿ ಫಕೀರವ್ವ!” ಎಂದಿದ್ದರು ಮೇಡಂ, ಪರದೆಯ ಮೇಲೆ ನನ್ನ ಗೆರೆ ತೋರಿಸಿ. ಅದು ಗಾಳಿ ಇಲ್ಲದ ಕೆರೆಯ ಹಾಗೆ ಮಲಗಿತ್ತು. ಐವತ್ತೊಂಬತ್ತನೇ ವರ್ಷಕ್ಕೆ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು ನಾನು. ಓದಿದವರೊಬ್ಬರು ನನ್ನಲ್ಲಿ ಏನೋ ಚೆನ್ನಾಗಿದೆ ಅಂದದ್ದು ಅದೇ ಮೊದಲು. ಆ ಗೆರೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೆ.

ಅವತ್ತು ಬಂದ ಸಿನಿಮಾದ ಹೆಸರು ‘ಹೊಸ ತೊಗಲು’. ಹದಿಮೂರರ ಹುಡುಗಿಯ ಮೊಣಕೈಯಲ್ಲಿ ಒಂದು ಕಡೆ ಚರ್ಮ ಗಟ್ಟಿಯಾಗಿ, ಬಿರಿದು, ಹೆಕ್ಕಳಿಕೆಯಂತೆ ಏಳುತ್ತದೆ. ಅಡಿಯಲ್ಲಿ ಹೊಸ ತೊಗಲು, ತೆಳ್ಳಗೆ, ಒಳಗಿನ ನರ ಕಾಣುವಷ್ಟು. ದಿನದಿನಕ್ಕೆ ಭುಜ, ಬೆನ್ನು, ಕೆನ್ನೆ. ಮನೆಯವರಿಗೆ ಗಾಬರಿ. ನಾಳೆ ಯಾರಾದರೂ ಕೇಳಿದರೆ? ಕೊನೆಗೆ ತಾಯಿ, ಉದುರಿದಂತೆಲ್ಲ ಟ್ರಂಕಿನಲ್ಲಿ ಕೂಡಿಟ್ಟಿದ್ದ ತೊಗಲನ್ನು ತೆಗೆದು, ನೀರಲ್ಲಿ ನೆನೆಸಿ, ಮಗಳನ್ನು ಮಣೆಯ ಮೇಲೆ ಕೂರಿಸಿ ಸೂಜಿದಾರದಿಂದ ಮತ್ತೆ ಹೊಲಿಯುತ್ತಾಳೆ. ಆರು ನಿಮಿಷದ ದೃಶ್ಯ. ಹುಡುಗಿ ಕಿರುಚುವುದಿಲ್ಲ. ತಾಯಿಗೆ ಬೇಸರವಾಗದಿರಲಿ ಎಂದು ಏನೋ ಗುನುಗುತ್ತಾ ಕೂತಿರುತ್ತಾಳೆ.

ಆ ಆರು ನಿಮಿಷ ನನಗೆ ಅನಿಸಿದ್ದು ಒಂದೇ: ಹೊಲಿಗೆಯ ಟಾಕಿ ದೂರ ದೂರ ಬೀಳುತ್ತಿವೆ, ಗಾಯ ಬಾಯಿಬಿಡುತ್ತದೆ. ಪಕ್ಕದಲ್ಲಿ ಇಮಾಮಸಾಬರು ನನ್ನ ಕಡೆ ವಾಲಿ, “ದಾರ ದಪ್ಪ ಆತಲ್ಲಕ್ಕಾ” ಎಂದು ಪಿಸುಗುಟ್ಟಿದರು.

ದೀಪ ಹತ್ತಿತು. ಪರದೆಯ ಮೇಲೆ ಅಂಕಿ ಬಂತು: ನಾಲ್ಕು ದಿನ.

ಹಿಂದೆ ಕೂತಿದ್ದ ಹುಡುಗಿ ಕೈಕೈ ತಟ್ಟಿಕೊಂಡು ಎದ್ದಳು. ಸಿನಿಮಾ ಮಾಡಿದವಳು ಅವಳೇ, ವೈಜಯಂತಿ, ಬೆಂಗಳೂರಿನಿಂದ ಬಂದವಳು, ಮೂವತ್ತಿರಬೇಕು. ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು.

“ಥ್ಯಾಂಕ್ಸ್ ಅಮ್ಮಾ. ಇದನ್ನ ನಾನು ಮಾಡಿದ್ದೇ ಹನ್ನೆರಡು ಹದಿಮೂರರ ಮಕ್ಕಳಿಗೋಸ್ಕರ. ಆ ವಯಸ್ಸಲ್ಲಿ ನಮ್ಮ ಮೈ ನಮಗೇ ಹೆದರಿಕೆ ಹುಟ್ಟಿಸುತ್ತೆ ಅಲ್ವಾ? ಮೊಡವೆ, ಕೂದಲು, ಮುಟ್ಟು. ಯಾರೂ ಮಾತಾಡಲ್ಲ. ಎಲ್ಲರೂ ಹಳೇ ಚರ್ಮಾನೇ ವಾಪಸ್ ಹೊಲಿಯೋಕೆ ನೋಡ್ತಾರೆ. ಆಗ ನಂಗೆ ಇಂಥದೊಂದು ಸಿನಿಮಾ ಸಿಕ್ಕಿದ್ರೆ ನಾನು ಅಷ್ಟು ಒಂಟಿ ಆಗ್ತಿರಲಿಲ್ಲ.”

ಸುಳ್ಳಲ್ಲ ಅನಿಸಿತು. ಸಿನಿಮಾ ಒಳ್ಳೆಯದೇ ಇತ್ತು. “ನೋಡಿದ ಮ್ಯಾಲ ಮಗ್ಗಲದಾಗ ಯಾರ ಇರತಿದ್ರವ್ವಾ?” ಎಂದು ಕೇಳಿದೆ.

ಅವಳು ನನ್ನ ಕೈ ಬಿಟ್ಟಳು. “ಗೊತ್ತಿಲ್ಲ. ಆದ್ರೆ ನಾಲ್ಕೇ ದಿನ ಅಂತ ಮಷಿನ್ ಹೇಳ್ತಲ್ಲಮ್ಮ.”

ಹನ್ನೆರಡು ದಾಟಿದವರ ಸಿನಿಮಾಗಳು ತಿಂಗಳಿಗೊಂದರಂತೆ ಶಾಲೆಗಳಿಗೂ ಹೋಗುತ್ತವೆ. ಹನ್ನೊಂದು ಜನರ ಪರವಾಗಿ ಹಿರಿಯಳಾದ ನಾನು ಸಹಿ ಹಾಕಬೇಕು. ಮೇಡಂ ಹಾಳೆ ಮುಂದಿಟ್ಟರು. ನಾನು ಪೆನ್ನು ಹಿಡಿದೆ, ಬಿಟ್ಟೆ.

“ಮೇಡಂ, ಈ ನಾಕು ಹ್ಯಾಂಗ ಬಂತು, ಒಮ್ಮೆ ತೋರಸ್ತೀರೇನ್ರಿ?”

“ಮುನ್ನೂರ ಹನ್ನೆರಡು ಸಿನಿಮಾ ಆದ್ವು, ಇವತ್ತ್ಯಾಕ ಸಂಶಯ ಬಂತ್ರಿ?” ಎಂದು ನಕ್ಕರು. ಆದರೂ ತಾಳ್ಮೆಯಿಂದ ಪರದೆ ತೆರೆದು, ಹೆಸರಿನ ಸಾಲು ಹುಡುಕಿ ತೋರಿಸಿದರು. ಯಂತ್ರ ಕಲಿತ ಮೂಲಪಾಠ ಅದು. ಇಮಾಮಸಾಬ ನದಾಫ, ಫಕೀರವ್ವ ಬಾರಕೇರ. ನನ್ನ ಹೆಸರಿನ ಮುಂದೆ ನಾಡಿ, ಬೆವರು, ಮೂವತ್ತು ದಿನದ ನಿದ್ದೆ. ನಿದ್ದೆಯಲ್ಲಿ ಏನೂ ಸಿಕ್ಕಿರಲಿಲ್ಲ. ವಾರ್ಡಿನ ಬೆಂಚು, ಮೆಟ್ಟಿಲು, ಎಲ್ಲಿ ತಲೆಯಿಟ್ಟರೂ ನಿದ್ದೆ ಹತ್ತುವ ರೂಢಿ ನನಗೆ. ಸಾಲಿನ ಕಡೆಯ ಮನೆಯಲ್ಲಿ ‘ಆರು ತಿಂಗಳ ಪತ್ರ’ ಎಂದಿತ್ತು. ಅದರ ಕೆಳಗೆ ಸೊನ್ನೆ.

“ಇದೇನ್ರಿ?”

“ನೆನಪಿಲ್ಲೇನು? ಆರು ತಿಂಗಳಾದ ಮ್ಯಾಲೆ ನಿಮ್ಮಲ್ಲಿ ಇನ್ನೂ ಏನರ ಉಳದದನು ಅಂತ ನಿಮ್ಮ ಮಾತಿನಾಗ ಬರದು ಕಳಸ್ರಿ ಅಂದಿದ್ವಿ. ಯಂತ್ರಕ್ಕ ಕಾಣದ್ದು ಏನರ ಇದ್ರ ಅದರಾಗ ಬರ್ಲಿ ಅಂತ.”

“ನಾ ಬರದು ಕಳಸಲೇ ಇಲ್ಲಲ್ಲ.”

“ಅದಕ್ಕs ಸೊನ್ನೆ. ಮೂರು ಸಲ ನೆನಪು ಮಾಡಿದ್ವಿ ಫಕೀರವ್ವ. ಏನರ ಉಳದಿದ್ರ ಬರೀತಿದ್ರು, ಬರದಿಲ್ಲ ಅಂದ್ರ ಏನೂ ಉಳದಿಲ್ಲ ಅಂತ ತಗೊಂಡ್ವಿ.”

ಸಾಲುಗಳ ಮೇಲೆ ಬೆರಳು ಆಡಿಸಿದೆ. ಹನ್ನೊಂದರಲ್ಲಿ ಎಂಟು ಸೊನ್ನೆ. ಉಳಿದ ಮೂರು ಕಾಗದ ಅಗ್ನಿಶಾಮಕದವರದು ಮತ್ತು ಒಬ್ಬ ನಿವೃತ್ತ ಗುಮಾಸ್ತನದು. ಬರೆಯಲು ಬಾರದವರು, ಬಂದರೂ ನಾಚುವವರು, ಓದಿದವರ ಕಣ್ಣಿಗೆ ನಮ್ಮ ಅಕ್ಷರ ಬೀಳಬಾರದು ಅನ್ನುವವರು ಎಲ್ಲರೂ ಸೊನ್ನೆ.

ಸೋಮವಾರದವರೆಗೆ ಸಮಯ ಕೇಳಿಕೊಂಡು ಬಂದೆ. ಅಷ್ಟರೊಳಗೆ ಸಹಿ ಬೀಳದಿದ್ದರೆ ಮುಂದಿನ ತಿಂಗಳ ಶಾಲೆಗಳ ಪಟ್ಟಿ ತಪ್ಪುತ್ತದೆ ಎಂದು ಮೇಡಂ ಎರಡು ಬಾರಿ ಹೇಳಿದರು.

ಹೊರಗೆ ಚಹಾದಂಗಡಿಯಲ್ಲಿ ಇಮಾಮಸಾಬರು ಕಪ್ಪಿನ ಕೆಳಗಿನ ಬಸಿಗೆ ಚಹಾ ಸುರುವಿಕೊಂಡು ಊದುತ್ತಿದ್ದರು.

“ಇಮಾಮಣ್ಣ, ಖರೇ ಹೇಳ್ರಿ. ಆ ಮೊದಲನೇ ವರ್ಷದ ಸಿನಿಮಾ ನೋಡಿದ ಮ್ಯಾಲ ನಿಮಗ ಏನೂ ಉಳದಿಲ್ಲೇನು?”

“ನನಗೇನ ಉಳಿಬೇಕಕ್ಕಾ? ಇಪ್ಪತ್ತು ವರ್ಷ ಹೆಣದ ಸಂಗಾತ ಊಟ ಮಾಡೀನಿ.” ಒಂದು ಗುಟುಕು ಕುಡಿದರು. ಬಸಿಯನ್ನು ಕೆಳಗಿಟ್ಟರು. “ಮೊಮ್ಮಗಳನ್ನ ಎತ್ತಿಕೊಳ್ಳಂಗಿಲ್ಲ.”

“ಏನು?”

“ಸಣ್ಣ ಕೂಸು. ಮೂರು ವರ್ಷದ್ದು. ಎತ್ತಿದ್ರ ಕೈಗೆ ಭಾರ ಆ ಭಾರದಂಗs ಅನಸ್ತೈತಿ. ಶವಾಗಾರದಾಗ ಎತ್ತತಿದ್ನಲ್ಲ, ಆಗ ಎಂದೂ ಅನಸಲಿಲ್ಲ. ಆ ಸಿನಿಮಾದಾಗ ಹೆಣ ಎತ್ತೋದು ನೋಡಿದ ಮ್ಯಾಲ ಅನಸಾಕತ್ತು. ಸೊಂಟನೋವು ಅಂತ ಹೇಳೀನಿ ಮನ್ಯಾಗ.”

“ಯಾಕ ಬರಸಲಿಲ್ಲ?”

“ಯಾರ ಕಡೆ ಬರಸ್ಲಿ? ಮಗನ ಕಡೆ? ನಿನ್ನ ಕೂಸು ಹೆಣದಂಗ ಅನಸ್ತೈತೋ ಅಂತ?” ಎಂದು ಅವರು ನನ್ನ ಮೇಲೆಯೇ ಸಿಟ್ಟಾದರು. ಆಮೇಲೆ ತಣ್ಣಗಾಗಿ, “ಮತ್ತ ಬರದ್ರ ನಮ್ಮನ್ನ ಮನಿಗೆ ಕಳಸ್ತಾರಕ್ಕಾ. ಸ್ವಚ್ಛ ಮೈ ಅಂದಾರ ನಮಗ. ನಾವು ಎಂದರ ಸ್ವಚ್ಛ ಅನಿಸ್ಕೊಂಡಿದ್ವೇನು?” ಅಂದರು.

ಪಡಸಾಲೆಯ ಚೌಕಟ್ಟು ನನ್ನ ಕಣ್ಣಮುಂದೆ ಬಂದಿತ್ತು.

ಭಾನುವಾರ ಮಧ್ಯಾಹ್ನ ಮೊಮ್ಮಗಳು ಶಾಂಭವಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಏಳನೆಯ ಇಯತ್ತೆ, ಹನ್ನೆರಡು ತುಂಬಿ ಎಂಟು ತಿಂಗಳು. ಅವಳಿಗೆ ಎಲ್ಲ ಸುದ್ದಿಯೂ ಮೊದಲೇ ಗೊತ್ತು.

“ಆಯಿ, ಹೊಸ ತೊಗಲು ಅಂತ ಸಿನಿಮಾ ಬರ್ತೈತಂತ ನಮ್ಮ ಶಾಲಿಗೆ. ಭಾಳ ಅಂಜಿಕಿ ಬರೂವಂಥಾದ್ದಾ?”

“ಯಾರ ಹೇಳಿದ್ರ ನಿನಗ?”

“ಎಲ್ಲಾರೂ ಅನ್ನಾಕತ್ತಾರ. ನೀ ಸಹಿ ಹಾಕಿಯೇನು?”

ಕೂದಲು ಹಿಂದಕ್ಕೆ ಸರಿಸುವಾಗ ಅವಳ ಕಿವಿಯಲ್ಲಿ ಬಿಳಿಯದೇನೋ ಕಂಡಿತು. ಅರಳೆ. ಎರಡೂ ಕಿವಿಯಲ್ಲಿ, ಒಳಗೆ ಆಳಕ್ಕೆ ತುರುಕಿದ್ದು. ಬೇಸಿಗೆ ಬಂದರೂ ಇವಳು ಕಿವಿಗೆ ಸ್ಕಾರ್ಫ್ ಕಟ್ಟುವುದನ್ನು ಬಿಟ್ಟಿರಲಿಲ್ಲ. ಫ್ಯಾಶನ್ ಎಂದುಕೊಂಡು ನಾವು ಸುಮ್ಮನಿದ್ದೆವು.

“ಏನವಾ ಇದು? ಕಿವಿ ನೋಯ್ತಾವೇನು?”

ಅವಳು ಕಿವಿ ಮುಚ್ಚಿಕೊಂಡು ದೂರ ಸರಿದಳು. ನಾನು ಬಾಚಣಿಗೆ ಹಿಡಿದು ಸುಮ್ಮನೆ ಕೂತೆ. ವಾರ್ಡಿನಲ್ಲಿ ಕಲಿತ ವಿದ್ಯೆ ಅದೊಂದೇ: ಪಟ್ಟಿ ಬಿಚ್ಚಲು ಅವಸರ ಮಾಡಬಾರದು, ಒದ್ದೆಯಾಗಿ ತಾನೇ ಸಡಿಲಾಗುವವರೆಗೆ ಕಾಯಬೇಕು.

ಸ್ವಲ್ಪ ಹೊತ್ತಿಗೆ ತಾನೇ ಹೇಳಿದಳು. ಏಳು ತಿಂಗಳ ಹಿಂದೆ ಶಾಲೆಯಲ್ಲಿ ಒಂದು ಸಿನಿಮಾ ತೋರಿಸಿದ್ದರು. ಒಬ್ಬ ಹುಡುಗನ ಕಿವಿಯೊಳಗೆ ಬೀಜ ಬಿದ್ದು, ಬಳ್ಳಿ ಹುಟ್ಟಿ, ಕಣ್ಣಿನ ಹಿಂದಿನಿಂದ ಚಿಗುರುವ ಕಥೆ. ನನಗೆ ಅದು ಚೆನ್ನಾಗಿ ನೆನಪಿತ್ತು. ಉಳಿಕೆ ಎರಡು ದಿನ ಎಂದು ಬಂದಿತ್ತು.

“ಏಳು ತಿಂಗಳಾತಲ್ಲ ಶಾಂಭವಿ! ಶಾಲ್ಯಾಗ ಯಾರೂ ಕೇಳ್ಲಿಲ್ಲೇನು?”

“ಕೇಳಿದ್ರು. ಹಾಳಿ ಕೊಟ್ಟಿದ್ರು, ಏನರ ಅನಸ್ತಿದ್ರ ಬರೀರಿ ಅಂತ. ನಾ ಖಾಲಿ ಕೊಟ್ಟೆ.”

“ಯಾಕ?”

“ಸರ್ಟಿಫಿಕೇಟಿನ ಕಡೀಕ ನಿನ್ನ ಸಹಿ ಇತ್ತಲ್ಲ ಆಯಿ, ಸಿನಿಮಾ ಸುರು ಆಗೂ ಮುಂದ ದೊಡ್ಡದಾಗಿ ತೋರಿಸಿದ್ರು. ನಿನಗ ಏನೂ ಆಗಿಲ್ಲ. ಎಲ್ಲಾರೂ ನಕ್ಕೋತ ಹೋದ್ರು. ನನಗೊಬ್ಬಾಕಿಗೇ ಆಗೈತಿ ಅಂದ್ರ ನನ್ನ ತಲಿನೇ ಸರಿ ಇಲ್ಲಂತ ಆತಲ್ಲ.”

ಮೂವತ್ತೊಂದು ವರ್ಷದಲ್ಲಿ ಎಷ್ಟೋ ಮಾತು ಕೇಳಿದ್ದೇನೆ. ಇಷ್ಟು ಆಳಕ್ಕೆ ಇಳಿದ ಮಾತು ಇನ್ನೊಂದಿಲ್ಲ. ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ.

“ನಿನ್ನ ತಲಿ ಸರಿ ಐತಿ. ನಾ ಯಾಕ ಹಾಲಿಗೆ ಕೆನಿ ಕಟ್ಟಗೊಡಂಗಿಲ್ಲ, ಗೊತ್ತೈತೇನು?”

“ಎದಿಗೆ ಒಳ್ಳೇದಲ್ಲಂತ.”

“ಅದು ಸುಳ್ಳು.”

ನಾಲ್ಕು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದೆ. ಮೊದಲ ತುಣುಕು ಸಿನಿಮಾದಲ್ಲಿ ಕುದಿಯುವ ನೀರಿಗೆ ಒಂದು ಕೈ ಅದ್ದಿ, ಚರ್ಮ ಕೈಗವಸಿನಂತೆ ಬಿಚ್ಚಿ ಬರುವುದನ್ನು ತೋರಿಸಿದ್ದರು. ಅಂಥದ್ದನ್ನು ವಾರ್ಡಿನಲ್ಲಿ ನೂರು ಸಲ ಕಂಡಿದ್ದೆ. ಆದರೆ ವಾರ್ಡಿನಲ್ಲಿ ನನ್ನ ಕೈಗೆ ಕೆಲಸವಿತ್ತು. ಬಟ್ಟೆ ನೆನೆಸಬೇಕು, ಮುಲಾಮು ಸವರಬೇಕು, ಅಳುವವರ ಹಣೆ ಹಿಡಿಯಬೇಕು. ಸಿನಿಮಾದಲ್ಲಿ ನನ್ನ ಕೈಗಳು ಕುರ್ಚಿಯ ಮೇಲೆ ಸುಮ್ಮನೆ ಬಿದ್ದಿದ್ದವು. ಮಾರನೆಯ ಬೆಳಿಗ್ಗೆ ಹಾಲಿನ ಕೆನೆ ಸೌಟಿಗೆ ಹತ್ತಿ, ಮಡಿಕೆ ಮಡಿಕೆಯಾಗಿ ಮೇಲೆದ್ದು ಬಂದಾಗ ಪಾತ್ರೆಯನ್ನೇ ಕೆಡವಿಬಿಟ್ಟೆ. ಅವತ್ತಿನಿಂದ ಕೆನೆ ಕಟ್ಟಲು ಬಿಟ್ಟಿಲ್ಲ.

ಶಾಂಭವಿ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು. “ಹಂಗಾರ ಯಾಕ ಏನಿಲ್ಲ ಅಂದಿ?”

“ಏನಿಲ್ಲ ಅನ್ನಲಿಲ್ಲವಾ. ಏನೂ ಅನ್ನಲಿಲ್ಲ. ಅವರು ಅದನ್ನ ಏನಿಲ್ಲ ಅಂತ ತಿಳಕೊಂಡ್ರು.”

“ಹಂಗಾರ ಈಗರ ಹೇಳು!”

ಎಷ್ಟು ಸುಲಭವಾಗಿ ಹೇಳಿದಳು. ಕಾಗದ ಬರೆಯಲು ನಾನು ಯತ್ನಿಸಿಲ್ಲ ಎಂದಲ್ಲ. ಆ ವರ್ಷವೇ ಐದಾರು ಸಲ ಕೂತಿದ್ದೆ. ರಾತ್ರಿ ಶಾಲೆಯ ಮಠಪತಿ ಮಾಸ್ತರರು ಪತ್ರಲೇಖನ ಕಲಿಸಿದ್ದರು: ಬಲಕ್ಕೆ ಊರು, ತಾರೀಖು, ಎಡಕ್ಕೆ ಸಂಬೋಧನೆ, ಮೊದಲ ಸಾಲು, ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಷ್ಟು ಬರೆದ ಮೇಲೆ ಮುಂದಿನ ಸಾಲಿಗೆ ದಾರಿಯೇ ಇರುತ್ತಿರಲಿಲ್ಲ. ಕ್ಷೇಮ ಅಂದ ಬಾಯಲ್ಲೇ ಕೆನೆಗೆ ಅಂಜಿ ದಿನಾ ಹಾಲು ತಿರುವುತ್ತೇನೆ ಎಂದು ಹೇಗೆ ಬರೆಯುವುದು? ಹಾಳೆ ಹರಿದು ಒಲೆಗೆ ಹಾಕುತ್ತಿದ್ದೆ. ಕೇಂದ್ರದಿಂದ ನೆನಪೋಲೆ ಬಂದಾಗೆಲ್ಲ, ನಾಳೆ ಅನ್ನುತ್ತಿದ್ದೆ. ಆಮೇಲೆ ಚೌಕಟ್ಟು ಬಂತು, ಸಹಿ ಬಂತು, ಹೇಳುವುದು ಇನ್ನೂ ಕಷ್ಟವಾಯಿತು.

ಆ ಭಾನುವಾರ ಮೊದಲ ಸಾಲು ಬಿಟ್ಟು ಎರಡನೆಯದರಿಂದ ಶುರುಮಾಡಿದೆ.

“ಮೃಣಾಲಿನಿ ಮೇಡಂ ಅವರಿಗೆ. ನನ್ನ ಹೆಸರಿನ ಮುಂದಿರುವ ಸೊನ್ನೆ ತಪ್ಪು. ಆ ತಪ್ಪಿಗೆ ನಾನೇ ಕಾರಣ. ನನ್ನಲ್ಲಿ ಉಳಿದದ್ದು ಸಾವಿರದ ನಾಲ್ಕುನೂರಕ್ಕೂ ಹೆಚ್ಚು ದಿನ, ಇನ್ನೂ ಮುಗಿದಿಲ್ಲ. ಅದು ನಾಡಿಯಲ್ಲಿ ಇರಲಿಲ್ಲ, ನಿದ್ದೆಯಲ್ಲೂ ಇರಲಿಲ್ಲ, ನನ್ನ ಅಡುಗೆಮನೆಯಲ್ಲಿ ಇತ್ತು. ನೀವು ಗದ್ದಲದ ಮೈ ಎಂದು ಮನೆಗೆ ಕಳಿಸಿದವರೇ ನಿಮಗೆ ಸರಿಯಾದ ಸುದ್ದಿ ಹೇಳುತ್ತಿದ್ದರೇನೋ. ನಾವು ಅಂಜದವರಲ್ಲ, ಅಂಜಿದ್ದನ್ನು ಮೈಯಲ್ಲಿ ತೋರಗೊಡದ ಕೆಲಸ ಮಾಡಿದವರು. ಯಂತ್ರ ನಮ್ಮನ್ನು ನೋಡಿ ಮಕ್ಕಳನ್ನು ಅಂದಾಜು ಮಾಡಿದೆ.

“ಹೊಸ ತೊಗಲು ಒಳ್ಳೆಯ ಸಿನಿಮಾ. ಅದನ್ನು ಮಾಡಿದ ಹುಡುಗಿ ಸತ್ಯ ಹೇಳಿದ್ದಾಳೆ. ಆದರೆ ಹೊಲಿಯುವ ಆ ಆರು ನಿಮಿಷ ಹನ್ನೆರಡರ ಮಗು ಒಬ್ಬಂಟಿಯಾಗಿ ಹೊರುವಂಥದ್ದಲ್ಲ. ನನ್ನ ತೀರ್ಮಾನ ಹದಿನಾರು. ಹದಿನಾರರವರು ನೋಡಿದ ಮೇಲೂ ಯಾರಾದರೂ ಪಕ್ಕದಲ್ಲಿ ಕೂತು, ನಿನಗೇನು ಉಳಿಯಿತು ಎಂದು ಕೇಳಬೇಕು, ಖಾಲಿ ಹಾಳೆ ಕೊಟ್ಟವರನ್ನು ಮೊದಲು ಕೇಳಬೇಕು. ನಾಲ್ಕು ದಿನ ಎಂಬ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ಹಾಕಿದ ಮುನ್ನೂರ ಹನ್ನೆರಡು ಸಹಿಗಳನ್ನೂ ನೀವು ಇನ್ನೊಮ್ಮೆ ನೋಡಬೇಕು.”

ಒತ್ತಕ್ಷರ ಎಲ್ಲಿ ತಪ್ಪಿದವೋ ನೋಡಲು ಶಾಂಭವಿಗೆ ಕೊಟ್ಟೆ. ಅವಳು ಎರಡು ಕಡೆ ತಿದ್ದಿ, ಕೆಳಗೆ ತನ್ನದೊಂದು ಸಾಲು ಸೇರಿಸಿದಳು: ‘ಬಳ್ಳಿ ಸಿನಿಮಾ, ಎರಡು ದಿನ ಅಲ್ಲ, ಏಳು ತಿಂಗಳು. ಶಾಂಭವಿ, ಏಳನೆಯ ತರಗತಿ.’ ಸಂಜೆ ಡ್ಯೂಟಿ ಮುಗಿಸಿ ಬಂದ ಕಸ್ತೂರಿ ಎಲ್ಲ ಓದಿ, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಮಗಳನ್ನು ತಬ್ಬಿಕೊಂಡು ಬಹಳ ಹೊತ್ತು ಕೂತಳು.

ಸೋಮವಾರ ಬೆಳಿಗ್ಗೆ ಮೊದಲು ಇಮಾಮಸಾಬರ ಮನೆಗೆ ಹೋದೆ. ಕಾಗದ ಓದಿ ಹೇಳಿದೆ. ಅವರು ಅಂಗಳದ ಕಲ್ಲಿನ ಮೇಲೆ ಕೂತು ಕೇಳಿಸಿಕೊಂಡರು.

“ಇದು ಕಳಿಸಿದ್ರ ನಿಮ್ಮ ಕೆಲಸ ಹೋತಕ್ಕಾ. ನಂದೂ.”

“ಹೌದು.”

“ಮೇಡಮ್ಮರದ್ದೂ ಹೋಗಬೌದು. ಪಾಪ, ಒಳ್ಳೇ ಹೆಣಮಗಳು.”

“ಅದೂ ಗೊತ್ತೈತಿ.”

ಒಳಗಿನಿಂದ ಮಗುವಿನ ದನಿ ಬಂತು. ಅವರು ತಲೆಯೆತ್ತಿ ಬಾಗಿಲ ಕಡೆ ನೋಡಿದರು. “ನಂದೂ ಬರೀರಿ. ಮಗನ ಹೆಸರು ಹಾಕಬ್ಯಾಡ್ರಿ ಮತ್ತ.” ಅವರು ಹೇಳಿದಂತೆಯೇ ಬರೆದೆ. ಅವರು ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಇಸಿದುಕೊಂಡು, ನಾಲಿಗೆ ಕಚ್ಚಿಕೊಂಡು, ‘ಇಮಾಮ’ ಎಂಬ ಮೂರಕ್ಷರವನ್ನು ಒಂದೊಂದಾಗಿ ಇಳಿಸಿದರು.

ಅಂಚೆ ಕಚೇರಿಯಲ್ಲಿ ನನ್ನ ಮುಂದೆ ಇಬ್ಬರಿದ್ದರು. ಕಿಟಕಿಯ ಹಿಂದೆ ಕೂತಿದ್ದ ಹೆಣ್ಣುಮಗಳು ಲಕೋಟೆ ತೂಗಿ, ವಿಳಾಸ ಓದಿ ನನ್ನ ಮುಖ ನೋಡಿದಳು.

“ಅಮ್ಮಾರ, ಇದು ಇಲ್ಲೇ ಊರ ಹೊರಗಿನ ವಿಳಾಸ ಅಲ್ಲೇನ್ರಿ? ಬಸ್ಸಿಗೆ ಹತ್ತು ನಿಮಿಷ. ಕೈಯಾಗ ಕೊಟ್ಟು ಬರಬೌದಲ್ಲ, ಯಾಕ ರಿಜಿಸ್ಟರ್ ಮಾಡ್ತೀರಿ?”

“ಕೈಯಾಗ ಕೊಡಾಕ ಹೋದ್ರ ಚಹಾ ಕುಡದು, ಕಾಗದ ಚೀಲದಾಗs ಇಟಗೊಂಡು ತಿರುಗಿ ಬರ್ತೇನವ್ವಾ.”

ಅವಳು ನಕ್ಕಳು. ಲಕೋಟೆಯ ಬಾಯಿ ಸರಿಯಾಗಿ ಅಂಟಿದೆಯೇ ಎಂದು ಉಗುರಿನಿಂದ ಗೀರಿ ನೋಡಿ, ರಿಜಿಸ್ಟರ್ ಚೀಟಿ ಅಂಟಿಸಿ, ಮುದ್ರೆ ಎತ್ತಿ ಎರಡು ಸಲ ಬಡಿದಳು. ಆಮೇಲೆ ಹಿಂದಕ್ಕೆ ತಿರುಗಿ ಅದನ್ನು ಚೀಲದೊಳಗೆ ಬಿಟ್ಟಳು.